ಪಾರ್ಕಿನ ಗೇಟಿಗೆ ಬೀಗ ಬಿದ್ದಾಗ ಮನಸ್ಸಿಗೆ ಏನಾಗುತ್ತದೆ?

2023ರ ಅಕ್ಟೋಬರ್ ಕೊನೆಯಲ್ಲಿ ಆಗಿನ ಕೇಂದ್ರ ಆರೋಗ್ಯ ಸಚಿವ ಮನ್ಸುಖ್ ಮಾಂಡವೀಯ ಒಂದು ಎಚ್ಚರಿಕೆ ಕೊಟ್ಟರು. ಕೋವಿಡ್ ತೀವ್ರವಾಗಿ ಬಂದಿದ್ದವರು ಒಂದೆರಡು ವರ್ಷ ಜೋರು ವ್ಯಾಯಾಮ, ಓಟದಿಂದ ದೂರ ಇರಲಿ ಎಂಬುದು ಅದರ ಸಾರ. ನಾಲ್ಕು ತಿಂಗಳಾಗುವಷ್ಟರಲ್ಲಿ ಇನ್ನೊಂದು ಸುದ್ದಿ ಬಂತು. ಖಿನ್ನತೆ ಇರುವವರಿಗೆ ನಡಿಗೆ, ಓಟ, ಯೋಗ, ಭಾರ ಎತ್ತುವುದು ಚೆನ್ನಾಗಿಯೇ ಕೆಲಸ ಮಾಡುತ್ತವೆ ಎಂದು ಬ್ರಿಟನ್ನಿನ ವೈದ್ಯಕೀಯ ಪತ್ರಿಕೆ ಬಿಎಂಜೆಯಲ್ಲಿ ದೊಡ್ಡ ವಿಶ್ಲೇಷಣೆ ಪ್ರಕಟವಾಯಿತು. 2025ರ ಜೂನ್, ಜುಲೈನಲ್ಲಿ ಹಾಸನದಿಂದ ಹೃದಯಾಘಾತದ ಸುದ್ದಿ ಒಂದರ ಹಿಂದೊಂದು ಬಂದಾಗ ಮತ್ತೆ ಭಯ ಹುಟ್ಟಿತು. ತಪಾಸಣೆಗೆಂದು ಜನ ಜಯದೇವ ಆಸ್ಪತ್ರೆಗೆ ಮುಗಿಬಿದ್ದರು.

ಓದುವವರು ಏನು ಮಾಡಬೇಕು? ವ್ಯಾಯಾಮ ಮಾಡಬೇಕಾ, ಬಿಡಬೇಕಾ? ಇನ್ನೊಂದು ಪ್ರಶ್ನೆಯೂ ಹಲವರಲ್ಲಿ ಉಳಿದುಕೊಂಡಿದೆ. ವ್ಯಾಯಾಮ ಮನಸ್ಸಿಗೆ ಅಷ್ಟು ಒಳ್ಳೆಯದಾಗಿದ್ದರೆ, ಮನಸ್ಸು ತೀರಾ ಕುಗ್ಗಿದ್ದ ಲಾಕ್‌ಡೌನ್ ದಿನಗಳಲ್ಲೇ ಪಾರ್ಕುಗಳಿಗೆ ಬೀಗ ಹಾಕಿದ್ದು ಯಾಕೆ?

ಇಲ್ಲಿ ಬೇರೆ ಬೇರೆ ವಿಷಯಗಳು ಕಲಸಿಹೋಗಿವೆ. ಮನಸ್ಸಿಗೆ ಯಾವುದು ನೆರವಾಗುತ್ತದೆ ಎಂಬುದು ಒಂದು. ಸೋಂಕು ಎಲ್ಲಿ ಹರಡುತ್ತದೆ ಎಂಬುದು ಇನ್ನೊಂದು. ಕಾಯಿಲೆ ಬಿದ್ದು ಎದ್ದ ದೇಹ ಎಷ್ಟು ಶ್ರಮ ತಡೆದೀತು ಎಂಬುದು ಮತ್ತೊಂದು. ಇವನ್ನು ಬಿಡಿಸಿ ನೋಡಿದರೆ ಗೊಂದಲ ಬಹಳ ಮಟ್ಟಿಗೆ ಕರಗುತ್ತದೆ. ಜೊತೆಗೆ, ಮುಂದಿನ ಸಾಂಕ್ರಾಮಿಕದಲ್ಲಿ ಯಾವುದನ್ನು ಕೊನೆಯವರೆಗೂ ಮುಚ್ಚಬಾರದು ಎಂಬುದೂ ಕಾಣುತ್ತದೆ.

ಎಷ್ಟು ಮಂದಿ ಕುಗ್ಗಿದ್ದರು?

2020ರಲ್ಲಿ ಜಗತ್ತಿನಾದ್ಯಂತ ಖಿನ್ನತೆಯ ಪ್ರಕರಣಗಳು ಸುಮಾರು 5.3 ಕೋಟಿಯಷ್ಟು, ಆತಂಕದ ಪ್ರಕರಣಗಳು ಸುಮಾರು 7.6 ಕೋಟಿಯಷ್ಟು ಹೆಚ್ಚಾದವು ಎಂದು ‘ಲ್ಯಾನ್ಸೆಟ್’ ಪತ್ರಿಕೆಯ ಅಂದಾಜು ಹೇಳಿತು. ಎರಡರಲ್ಲೂ ಏರಿಕೆ ಕಾಲು ಭಾಗಕ್ಕಿಂತ ಜಾಸ್ತಿ. ಹೆಂಗಸರು ಮತ್ತು ಚಿಕ್ಕ ವಯಸ್ಸಿನವರಿಗೆ ಹೊಡೆತ ಹೆಚ್ಚು ಬಿತ್ತು. ಸೋಂಕು ಏರಿದ ಕಡೆ, ಜನರ ಓಡಾಟ ತಗ್ಗಿದ ಕಡೆ ಏರಿಕೆಯೂ ದೊಡ್ಡದಿತ್ತು.

ನಮ್ಮ ದೇಶ ಈ ಹೊಡೆತಕ್ಕೆ ಸಿದ್ಧವಾಗಿರಲಿಲ್ಲ. ಬೆಂಗಳೂರಿನ ನಿಮ್ಹಾನ್ಸ್ 2015–16ರಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲೇ ಪರಿಸ್ಥಿತಿ ಗೊತ್ತಾಗಿತ್ತು. ವಯಸ್ಕರಲ್ಲಿ ನೂರಕ್ಕೆ ಹತ್ತು ಮಂದಿಗೂ ಜಾಸ್ತಿ ಜನರಿಗೆ ಒಂದಲ್ಲ ಒಂದು ಮಾನಸಿಕ ತೊಂದರೆ ಇತ್ತು. ಕಾಯಿಲೆ ಯಾವುದು ಎಂಬುದರ ಮೇಲೆ, ಅವರಲ್ಲಿ ಶೇ 70ರಿಂದ 92ರಷ್ಟು ಜನರಿಗೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ. ಲಕ್ಷ ಜನರಿಗೆ ಒಬ್ಬ ಮನೋವೈದ್ಯರೂ ಇರದ ದೇಶ ಇದು. 2020ರ ಮಾರ್ಚ್ ಕೊನೆಯಲ್ಲಿ ನಿಮ್ಹಾನ್ಸ್ ಸಹಾಯವಾಣಿ ತೆರೆಯಿತು. ಅದು ದೊಡ್ಡ ಕೆಲಸವೇ. ಆದರೆ ಕೋಟಿಗಟ್ಟಲೆ ಜನರ ಭಾರವನ್ನು ಫೋನ್ ಲೈನ್ ಒಂದೇ ಹೊರಲಾರದು, ಅಲ್ವಾ?

ಆದ್ದರಿಂದಲೇ ನಡಿಗೆಯಂಥ ಸರಳ ಸಂಗತಿಗೆ ಇಲ್ಲಿ ತೂಕ ಜಾಸ್ತಿ. ಅದಕ್ಕೆ ಅಪಾಯಿಂಟ್‌ಮೆಂಟ್ ಬೇಡ, ಫೀಸು ಬೇಡ. ‘ಜನ ಏನೆಂದುಕೊಳ್ಳುತ್ತಾರೋ’ ಎಂಬ ಅಳುಕೂ ಬೇಡ.

ಕಾಲು ಅಲ್ಲಾಡಿದರೆ ಮನಸ್ಸು ಯಾಕೆ ಹಗುರಾಗುತ್ತದೆ?

‘ಸಂತೋಷದ ಹಾರ್ಮೋನು’ ಎಂದು ಒಂದೇ ಮಾತಿನಲ್ಲಿ ಹೇಳಿ ಮುಗಿಸುವುದು ರೂಢಿ. ನಿಜದಲ್ಲಿ ಹಲವು ದಾರಿಗಳಿವೆ. ಕೆಲವು ತುಂಬಾ ಸಾದಾ ದಾರಿಗಳು.

ಮೊದಲನೆಯದು ನಿದ್ದೆ. ಹಗಲಿನಲ್ಲಿ ದೇಹ ದಣಿದರೆ ರಾತ್ರಿ ನಿದ್ದೆ ಬೇಗ ಬರುತ್ತದೆ, ಆಳವಾಗಿ ಬರುತ್ತದೆ. ಬೆಳಗಿನ ಬಿಸಿಲು ಕಣ್ಣಿಗೆ ಬಿದ್ದರೆ ದೇಹದ ಒಳಗಿನ ಗಡಿಯಾರವೂ ಸರಿಹೋಗುತ್ತದೆ. ನಿದ್ದೆ ಕೆಟ್ಟವರಲ್ಲಿ ಆತಂಕ, ಖಿನ್ನತೆ ಎರಡೂ ಹೆಚ್ಚು. ಎರಡನೆಯದು, ಒಂದೇ ಚಿಂತೆಯನ್ನು ಮತ್ತೆ ಮತ್ತೆ ಮೆಲುಕು ಹಾಕುವ ಮನಸ್ಸಿಗೆ ಬಿಡುವು. ನಡೆಯುವಾಗ ಗಮನ ರಸ್ತೆಯ ಮೇಲೆ, ಉಸಿರಿನ ಮೇಲೆ, ಎದುರು ಬರುವವರ ಮೇಲೆ ಹೋಗುತ್ತದೆ. ಮೂರನೆಯದು ದಿನಕ್ಕೊಂದು ಕಟ್ಟು. ಕಚೇರಿ, ಕಾಲೇಜು, ಅಂಗಡಿ ಎಲ್ಲ ನಿಂತು ಸೋಮವಾರಕ್ಕೂ ಭಾನುವಾರಕ್ಕೂ ವ್ಯತ್ಯಾಸ ಇಲ್ಲದಾಗ, ‘ಆರು ಗಂಟೆಗೆ ವಾಕಿಂಗ್’ ಎಂಬ ಒಂದು ಗೆರೆ ಇಡೀ ದಿನವನ್ನು ಹಿಡಿದು ನಿಲ್ಲಿಸಬಲ್ಲದು. ಇವುಗಳ ಜೊತೆಗೆ ಒತ್ತಡದ ಹಾರ್ಮೋನುಗಳು, ಮೆದುಳಿನ ರಾಸಾಯನಿಕಗಳು, ದೇಹದೊಳಗಿನ ಉರಿಯೂತ, ಎಲ್ಲದರ ಮೇಲೂ ವ್ಯಾಯಾಮದ ಪ್ರಭಾವ ಇದೆ. ಯಾವುದರ ಪಾಲು ಎಷ್ಟು ಎಂಬ ಚರ್ಚೆ ವಿಜ್ಞಾನಿಗಳ ನಡುವೆ ಇನ್ನೂ ಮುಗಿದಿಲ್ಲ.

ಪುರಾವೆ ಎಷ್ಟು ಗಟ್ಟಿ? 2022ರಲ್ಲಿ ‘ಜಾಮಾ ಸೈಕಿಯಾಟ್ರಿ’ ಪತ್ರಿಕೆಯಲ್ಲಿ ಬಂದ ಒಂದು ವಿಶ್ಲೇಷಣೆ 15 ಅಧ್ಯಯನಗಳನ್ನು ಒಟ್ಟುಗೂಡಿಸಿತ್ತು. ಅದರಲ್ಲಿ 1.9 ಲಕ್ಷಕ್ಕೂ ಹೆಚ್ಚು ಜನರ ಮಾಹಿತಿ ಇತ್ತು. ವಾರಕ್ಕೆ ಎರಡೂವರೆ ಗಂಟೆ ಚುರುಕು ನಡಿಗೆಗೆ ಸಮನಾದ ಚಟುವಟಿಕೆ ಇದ್ದವರಲ್ಲಿ ಖಿನ್ನತೆಯ ಅಪಾಯ ಶೇ 25ರಷ್ಟು ಕಡಿಮೆ. ಅದರ ಅರ್ಧದಷ್ಟೇ ಮಾಡಿದವರಲ್ಲೂ ಶೇ 18ರಷ್ಟು ಕಡಿಮೆ. ಅಂದರೆ ಸೊನ್ನೆಯಿಂದ ಸ್ವಲ್ಪಕ್ಕೆ ಬರುವಾಗಲೇ ಲಾಭದ ದೊಡ್ಡ ಪಾಲು ಸಿಗುತ್ತದೆ. ಮನೆಯಲ್ಲೇ ಕೂತಿರುವವರಿಗೆ ದಿನಕ್ಕೆ ಹತ್ತು ಹದಿನೈದು ನಿಮಿಷದ ಹೊರಗಿನ ನಡಿಗೆ ಸಿಕ್ಕರೂ ಅದು ಸಣ್ಣ ವಿಷಯವಲ್ಲ.

ಆದರೆ ಇಂಥ ಅಧ್ಯಯನಗಳಲ್ಲಿ ಒಂದು ತೊಡಕಿದೆ. ನಡೆದಿದ್ದರಿಂದ ಮನಸ್ಸು ಚೆನ್ನಾಯಿತೋ, ಮನಸ್ಸು ಚೆನ್ನಾಗಿದ್ದವರು ನಡೆದರೋ? ಖಿನ್ನತೆ ಇರುವವರಿಗೆ ಹಾಸಿಗೆಯಿಂದ ಏಳುವುದೇ ಕಷ್ಟ. ಹಾಗಾಗಿ ಎರಡೂ ದಿಕ್ಕಿನಲ್ಲಿ ಪ್ರಭಾವ ಇರುತ್ತದೆ. ಬಿಎಂಜೆಯ ವಿಶ್ಲೇಷಣೆ ಈ ತೊಡಕನ್ನು ದಾಟಲು ನೋಡಿತು. ಯಾರು ವ್ಯಾಯಾಮ ಮಾಡಬೇಕು, ಯಾರು ಮಾಡಬಾರದು ಎಂದು ಚೀಟಿ ಎತ್ತಿದಂತೆ ಹಂಚಿ ನಡೆಸಿದ 218 ಪ್ರಯೋಗಗಳನ್ನು, 14 ಸಾವಿರಕ್ಕೂ ಹೆಚ್ಚು ಜನರನ್ನು ಅದು ಪರಿಗಣಿಸಿತು. ಅಲ್ಲೂ ಲಾಭ ಕಂಡಿತು. ಹಾಗಿದ್ದೂ ಪ್ರಯೋಗಗಳ ಗುಣಮಟ್ಟ ಅಷ್ಟಕ್ಕಷ್ಟೇ ಎಂದು ಅದನ್ನು ಮಾಡಿದವರೇ ಒಪ್ಪಿಕೊಂಡಿದ್ದಾರೆ. ಮಾತ್ರೆಯ ಪ್ರಯೋಗದಲ್ಲಿ ಅರ್ಧ ಜನರಿಗೆ ಔಷಧವಿಲ್ಲದ ಸಕ್ಕರೆ ಗುಳಿಗೆ ಕೊಡಬಹುದು. ಸುಳ್ಳು ನಡಿಗೆಯನ್ನು ಯಾರಿಗೂ ಮಾಡಿಸಲಾಗದು. ತಾನು ವ್ಯಾಯಾಮದ ಗುಂಪಿನಲ್ಲಿದ್ದೇನೆ ಎಂದು ಗೊತ್ತಿರುವವರ ನಿರೀಕ್ಷೆಯೂ ಫಲಿತಾಂಶದೊಳಗೆ ಸೇರಿಕೊಳ್ಳುತ್ತದೆ.

ಇಷ್ಟೆಲ್ಲ ಮಿತಿ ಕಳೆದರೂ ನೆರವು ನಿಜ ಎಂಬುದು ಉಳಿಯುತ್ತದೆ. ‘ಮಾತ್ರೆಗಿಂತ ವಾಕಿಂಗ್ ಮೇಲು’ ಎಂಬ ವಾಟ್ಸಾಪ್ ಸಂದೇಶಕ್ಕೆ ಮಾತ್ರ ಇದರಲ್ಲಿ ಆಧಾರ ಇಲ್ಲ. ತೀವ್ರ ಖಿನ್ನತೆ ಇರುವವರು, ಸಾಯುವ ಯೋಚನೆ ಬರುವವರು ವೈದ್ಯರನ್ನೇ ನೋಡಬೇಕು. ತೆಗೆದುಕೊಳ್ಳುತ್ತಿರುವ ಮಾತ್ರೆಯನ್ನು ತಾವಾಗಿ ನಿಲ್ಲಿಸಬಾರದು. 2022ರ ಅಕ್ಟೋಬರಿನಿಂದ ಟೆಲಿ ಮಾನಸ್ ಎಂಬ ಸರ್ಕಾರಿ ಸಹಾಯವಾಣಿ ಇದೆ. 14416ಕ್ಕೆ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು.

ಹೆಜ್ಜೆಗಳು ಎಲ್ಲಿ ಹೋದವು?

2020ರ ಮಾರ್ಚ್ 11ರಂದು ವಿಶ್ವ ಆರೋಗ್ಯ ಸಂಸ್ಥೆ ಕೋವಿಡ್ ಅನ್ನು ಜಾಗತಿಕ ಸಾಂಕ್ರಾಮಿಕ ಎಂದಿತು. ಅಮೆರಿಕದ ಸಂಶೋಧಕರು ಒಂದು ಫೋನ್ ಆ್ಯಪ್ ಬಳಸುತ್ತಿದ್ದ ನಾಲ್ಕೂವರೆ ಲಕ್ಷ ಜನರ ಹೆಜ್ಜೆ ಲೆಕ್ಕ ತೆಗೆದರು. ಘೋಷಣೆಯಾಗಿ 30 ದಿನಗಳೊಳಗೆ ದಿನದ ಹೆಜ್ಜೆಗಳು ಸರಾಸರಿ ಶೇ 27ರಷ್ಟು ಇಳಿದಿದ್ದವು. ಕಟ್ಟುನಿಟ್ಟು ಲಾಕ್‌ಡೌನ್ ಇದ್ದ ಇಟಲಿಯಲ್ಲಿ ಇಳಿಕೆ ಶೇ 48ರವರೆಗೂ ಹೋಯಿತು. ಲಾಕ್‌ಡೌನ್ ಮಾಡದ ಸ್ವೀಡನ್ನಿನಲ್ಲಿ ಶೇ 7ರ ಆಸುಪಾಸು.

ಇಲ್ಲಿಂದ ಒಂದು ಸುಳಿ ಶುರುವಾಗುತ್ತದೆ. ಹೊರಗೆ ಹೋಗುವಂತಿಲ್ಲ, ಆದ್ದರಿಂದ ದೇಹ ದಣಿಯುವುದಿಲ್ಲ. ದೇಹ ದಣಿಯದೆ ನಿದ್ದೆ ಬಾರದು. ನಿದ್ದೆ ಬಾರದ ರಾತ್ರಿಯಲ್ಲಿ ಫೋನಿನಲ್ಲಿ ಸಾವಿನ ಸುದ್ದಿ ನೋಡುತ್ತಾ ಆತಂಕ ಬೆಳೆಯುತ್ತದೆ. ಬೆಳಿಗ್ಗೆ ಮಂಕು ಕವಿದಿರುತ್ತದೆ. ಮಂಕು ಕವಿದವರಿಗೆ ಮನೆಯೊಳಗೇ ನಾಲ್ಕು ಸೂರ್ಯ ನಮಸ್ಕಾರ ಹಾಕುವ ಮನಸ್ಸೂ ಬರುವುದಿಲ್ಲ. ಯಾವ ದೇಶದಲ್ಲಿ ಈ ಸುಳಿ ಎಷ್ಟು ಆಳವಾಯಿತು ಎಂಬುದು ಬಹುಪಾಲು ಸರ್ಕಾರದ ಆದೇಶದ ಮೇಲೆ ನಿಂತಿತ್ತು.

ಒಂದೊಂದು ಊರಿಗೆ ಒಂದೊಂದು ನಿಯಮ

ಇಂಗ್ಲೆಂಡ್ 2020ರ ಮಾರ್ಚ್ 23ರ ಲಾಕ್‌ಡೌನ್ ಘೋಷಣೆಯಲ್ಲೇ ದಿನಕ್ಕೊಮ್ಮೆ ವ್ಯಾಯಾಮಕ್ಕೆ ಹೊರಗೆ ಹೋಗಬಹುದು ಎಂದಿತು. ಮನೆಯಿಂದ ಹೊರಬೀಳಲು ಒಪ್ಪಿದ ನಾಲ್ಕಾರು ಕಾರಣಗಳಲ್ಲಿ, ಔಷಧ ಮತ್ತು ಆಹಾರದ ಸಾಲಿನಲ್ಲಿ, ವ್ಯಾಯಾಮವೂ ಇತ್ತು. ಫ್ರಾನ್ಸ್ ಒಂದು ಗಂಟೆ, ಒಂದು ಕಿಲೋಮೀಟರ್ ಒಳಗೆ ಎಂದಿತು. ಆದರೆ ಪ್ಯಾರಿಸ್ ಏಪ್ರಿಲ್ 8ರಿಂದ ಬೆಳಿಗ್ಗೆ 10ರಿಂದ ಸಂಜೆ 7ರವರೆಗೆ ಓಟವನ್ನು ನಿಷೇಧಿಸಿತು. ಸ್ಪೇನಿನಲ್ಲಿ ಮಕ್ಕಳು ಆರು ವಾರ ಮನೆಯ ಹೊಸಿಲು ದಾಟುವಂತಿರಲಿಲ್ಲ. ದೊಡ್ಡವರಿಗೆ ವ್ಯಾಯಾಮದ ಅನುಮತಿ ಸಿಕ್ಕಿದ್ದು ಮೇ 2ರಂದು.

ಭಾರತದ ಲಾಕ್‌ಡೌನ್ ಆದೇಶದಲ್ಲಿ ವ್ಯಾಯಾಮಕ್ಕೆಂದು ವಿನಾಯಿತಿಯೇ ಇರಲಿಲ್ಲ. ಹಾಲು, ತರಕಾರಿ, ಔಷಧಕ್ಕೆ ಹೋಗಬಹುದು. ಸುಮ್ನೆ ನಡೆಯಲು ಹೋಗುವುದು ಉಲ್ಲಂಘನೆ. ಕರ್ನಾಟಕದಲ್ಲಿ ಪಾರ್ಕುಗಳು ತೆರೆದದ್ದು ಸುಮಾರು ಎಂಟು ವಾರಗಳ ನಂತರ, 2020ರ ಮೇ 19ರಂದು. ಅದೂ ಬೆಳಿಗ್ಗೆ 7ರಿಂದ 9, ಸಂಜೆ 5ರಿಂದ 7ರವರೆಗೆ ಮಾತ್ರ. 2021ರ ಎರಡನೇ ಅಲೆಯಲ್ಲಿ ಮತ್ತೆ ಮುಚ್ಚಿ, ಜೂನ್ 14ರಿಂದ ಸೋಂಕು ಇಳಿದ ಜಿಲ್ಲೆಗಳಲ್ಲಿ ಬೆಳಿಗ್ಗೆ 5ರಿಂದ 10ರವರೆಗೆ ತೆರೆದರು.

ಆಡಳಿತದ ಕಡೆಯ ವಾದವನ್ನೂ ಸರಿಯಾಗಿ ಕೇಳಬೇಕು. 2020ರ ಮಾರ್ಚಿನಲ್ಲಿ ವೈರಸ್ ಮುಖ್ಯವಾಗಿ ಗಾಳಿಯಲ್ಲಿ ಹರಡುತ್ತದೆ ಎಂಬುದು ಖಚಿತವಾಗಿರಲಿಲ್ಲ. ಪಾರ್ಕಿನ ಬೆಂಚು, ಗೇಟು, ವ್ಯಾಯಾಮದ ಸಲಕರಣೆ ಮುಟ್ಟಿದರೂ ಅಂಟೀತು ಎಂಬ ಹೆದರಿಕೆ ಇತ್ತು. ವಾಕಿಂಗಿಗೆ ಬಂದವರು ಗುಂಪಾಗಿ ಕೂತು ಹರಟುವುದೂ ನಿಜ. ಎಲ್ಲರೂ ಒಳಗೆ ಎಂಬ ನಿಯಮವನ್ನು ಪೊಲೀಸರು ಜಾರಿ ಮಾಡಬಲ್ಲರು. ‘ವ್ಯಾಯಾಮಕ್ಕೆ ಮಾತ್ರ ಹೊರಗೆ’ ಎಂದರೆ ಪ್ರತಿಯೊಬ್ಬರನ್ನೂ ನಿಲ್ಲಿಸಿ ಕೇಳಬೇಕಾಗುತ್ತದೆ. ಮೊದಲ ಕೆಲವು ವಾರಗಳಿಗೆ ಈ ವಾದ ಒಪ್ಪಬಹುದಾದ್ದೇ.

ಆಮೇಲಿನ ತಿಂಗಳುಗಳಿಗೆ ಒಪ್ಪುವುದು ಕಷ್ಟ. ತೆರೆದ ಜಾಗಕ್ಕಿಂತ ಮುಚ್ಚಿದ ಜಾಗದಲ್ಲಿ ಸೋಂಕು ಹರಡುವ ಸಾಧ್ಯತೆ ಹತ್ತಾರು ಪಟ್ಟು ಜಾಸ್ತಿ ಎಂಬುದು 2020 ಮುಗಿಯುವಷ್ಟರಲ್ಲಿ ಗೊತ್ತಾಗಿತ್ತು. ಹಾಗಿದ್ದೂ 2021ರಲ್ಲಿ ಪಾರ್ಕ್ ಮತ್ತೆ ಮುಚ್ಚಿತು. ಇನ್ನು ಎರಡೆರಡು ಗಂಟೆಯ ಅವಧಿ ಕೊಟ್ಟಿದ್ದು ಉದ್ದೇಶಕ್ಕೇ ವಿರುದ್ಧ. ಸಮಯ ಕಡಿಮೆ ಮಾಡಿದರೆ ಬರುವವರ ಸಂಖ್ಯೆ ಅಷ್ಟಾಗಿ ಕಡಿಮೆಯಾಗುವುದಿಲ್ಲ, ಅವರೆಲ್ಲ ಒಂದೇ ಹೊತ್ತಿಗೆ ಬರುತ್ತಾರೆ. 240 ಎಕರೆಯ ಲಾಲ್‌ಬಾಗಿನಲ್ಲಿ ಇಡೀ ದಿನ ಚದುರಿ ನಡೆಯಬಹುದಾಗಿದ್ದ ಜನ ಆ ಎರಡು ಗಂಟೆಯಲ್ಲೇ ಗೇಟಿನ ಮುಂದೆ ಸೇರಬೇಕಾಯಿತು. ಅಂತರ ಕಾಪಾಡಬೇಕು ಎಂದ ಆದೇಶವೇ ಅಂತರ ಕಸಿದುಕೊಂಡಿತು.

ಜಿಮ್ ವಿಷಯ ಬೇರೆ

ಪಾರ್ಕಿನ ಪರ ಹೇಳಿದ ಮಾತನ್ನು ಜಿಮ್ಮಿಗೆ ಹಾಗೇ ಅಂಟಿಸಲು ಬರುವುದಿಲ್ಲ. ಸುಮ್ನೆ ಕೂತಾಗ ನಾವು ನಿಮಿಷಕ್ಕೆ ಆರೇಳು ಲೀಟರ್ ಗಾಳಿ ಎಳೆದು ಬಿಡುತ್ತೇವೆ. ಜೋರು ವ್ಯಾಯಾಮದಲ್ಲಿ ಅದು ಹತ್ತು ಪಟ್ಟು ದಾಟುತ್ತದೆ. ಕಿಟಕಿ ಮುಚ್ಚಿದ ಎಸಿ ಕೋಣೆಯಲ್ಲಿ ಒಬ್ಬರಿಗೆ ಸೋಂಕಿದ್ದರೆ ಏನಾಗುತ್ತದೆ ಎಂದು ಊಹಿಸಬಹುದು. 2020ರ ಆರಂಭದಲ್ಲಿ ದಕ್ಷಿಣ ಕೊರಿಯಾದ ಚೊನಾನ್ ನಗರದ ಸುತ್ತ ಜುಂಬಾ (ಜೋರು ಕುಣಿತದ ವ್ಯಾಯಾಮ) ತರಗತಿಗಳಿಂದ 112 ಜನರಿಗೆ ಸೋಂಕು ತಗುಲಿತು. ಅದೇ ಸರಣಿಯಲ್ಲಿ ಸೋಂಕಿದ್ದ ಶಿಕ್ಷಕರೊಬ್ಬರು ನಿಧಾನಗತಿಯ ಪಿಲಾಟೀಸ್ ಮತ್ತು ಯೋಗ ಕಲಿಸಿದ ತರಗತಿಯಲ್ಲಿ ಯಾರಿಗೂ ಹರಡಲಿಲ್ಲ. ಅಮೆರಿಕದ ಷಿಕಾಗೊದಲ್ಲಿ ಒಂದು ಜೋರು ವ್ಯಾಯಾಮದ ತರಗತಿಗೆ ಬಂದ 81 ಮಂದಿಯಲ್ಲಿ 55 ಮಂದಿಗೆ ಸೋಂಕು ಬಂತು. ಹೆಚ್ಚಿನವರು ವ್ಯಾಯಾಮದ ಹೊತ್ತಿನಲ್ಲಿ ಮಾಸ್ಕ್ ಹಾಕಿರಲಿಲ್ಲ.

ಇನ್ನೊಂದು ಕಡೆ, ನಾರ್ವೆಯ ಓಸ್ಲೋದಲ್ಲಿ 2020ರ ಬೇಸಿಗೆಯಲ್ಲಿ ಸುಮಾರು 3,700 ಜನರ ಮೇಲೆ ಪ್ರಯೋಗ ನಡೆಯಿತು. ಅಂತರ, ಸ್ವಚ್ಛತೆಯ ನಿಯಮ ಪಾಲಿಸಿ ಜಿಮ್ಮಿಗೆ ಹೋದವರಲ್ಲಿ ಸೋಂಕು ಹೆಚ್ಚಲಿಲ್ಲ. ಆದರೆ ಆಗ ಆ ಊರಿನಲ್ಲಿ ಸೋಂಕೇ ಅತಿ ಕಡಿಮೆ ಇತ್ತು. ಹಾಗಾಗಿ ಎರಡನೇ ಅಲೆಯ ಬೆಂಗಳೂರಿಗೆ ಆ ಫಲಿತಾಂಶ ಹೊಂದುವುದಿಲ್ಲ.

ಕರ್ನಾಟಕದಲ್ಲಿ ಈ ವಿಷಯದ ಗೊಂದಲ ಎಲ್ಲರ ಕಣ್ಣಿಗೆ ಬಿತ್ತು. 2021ರ ಏಪ್ರಿಲ್ 2ರಂದು ಜಿಮ್, ಈಜುಕೊಳ ಮುಚ್ಚಿ ಎಂದ ಸರ್ಕಾರ, ಒಂದೆರಡು ದಿನದಲ್ಲೇ ಅರ್ಧ ಜನರೊಂದಿಗೆ ಜಿಮ್ ನಡೆಸಬಹುದು ಎಂದಿತು. ತಿಂಗಳು ಮುಗಿಯುವ ಮೊದಲೇ ಮತ್ತೆ ಬಾಗಿಲು ಹಾಕಿಸಿತು. ಜೂನಿನಲ್ಲಿ ಎಸಿ ಇಲ್ಲದೆ, ಅರ್ಧ ಜನರೊಂದಿಗೆ ತೆರೆಯಲು ಬಿಟ್ಟಿತು. ಈ ಕೊನೆಯ ಷರತ್ತಿನಲ್ಲಿ ಒಂದು ತರ್ಕ ಇತ್ತು: ಕಿಟಕಿ ತೆಗೆಯಿರಿ, ಗಾಳಿ ಆಡಲಿ. ಆ ತರ್ಕವನ್ನು ವರ್ಷದ ಹಿಂದೆಯೇ ಹೇಳಿದ್ದರೆ ಜಿಮ್ ಮಾಲೀಕರು ಕಟ್ಟಡವನ್ನೇ ಅದಕ್ಕೆ ತಕ್ಕಂತೆ ಬದಲಿಸಿಕೊಳ್ಳುತ್ತಿದ್ದರು. ಬಾಡಿಗೆ, ಬ್ಯಾಂಕ್ ಕಂತು ಕಟ್ಟಲಾಗದೆ ಒದ್ದಾಡಿದವರು, ಕೆಲಸ ಕಳೆದುಕೊಂಡ ತರಬೇತುದಾರರು ಬಹಳ ಮಂದಿ. ಅವರ ಮಾನಸಿಕ ಆರೋಗ್ಯವೂ ಈ ಲೆಕ್ಕದಲ್ಲಿ ಬರಬೇಕು.

‘ಮನೆಯಲ್ಲೇ ಮಾಡಿ’ ಎಂದರೆ ಯಾರ ಮನೆಯಲ್ಲಿ?

2020ರ ಯೋಗ ದಿನದ ಘೋಷಣೆ ‘ಮನೆಯಲ್ಲೇ ಯೋಗ, ಕುಟುಂಬದ ಜೊತೆ ಯೋಗ’. ಸಲಹೆ ಒಳ್ಳೆಯದೇ. ಚಾಪೆ ಹಾಸುವಷ್ಟು ಜಾಗ ಇರುವ ಮನೆಗಳಲ್ಲಿ ಅದು ನಡೆಯಿತು ಕೂಡ. ಒಂದೇ ಕೋಣೆಯಲ್ಲಿ ಐದು ಜನ ಇರುವ ಮನೆಯಲ್ಲಿ ಚಾಪೆ ಎಲ್ಲಿ ಹಾಸುವುದು? ಮೂವರು ಹಂಚಿಕೊಂಡ ಪಿಜಿ ಕೋಣೆಯಲ್ಲಿ ಎರಡು ಮಂಚದ ನಡುವೆ ಎಷ್ಟು ಜಾಗ ಇರುತ್ತದೆ? ಅಪಾರ್ಟ್‌ಮೆಂಟಿನ ಒಳಗೇ ವಾಕಿಂಗ್ ಪಾತ್ ಇದ್ದವರಿಗೂ ಅವರ ಮನೆಗೆ ಕೆಲಸಕ್ಕೆ ಬರುತ್ತಿದ್ದವರಿಗೂ ಲಾಕ್‌ಡೌನ್ ಒಂದೇ ಆಗಿರಲಿಲ್ಲ. ಪಾರ್ಕ್ ಮುಚ್ಚಿದಾಗ ಹೆಚ್ಚು ಕಳೆದುಕೊಂಡಿದ್ದು ಬೇರೆ ಜಾಗ ಇಲ್ಲದವರು.

ಹೆಂಗಸರ ಸ್ಥಿತಿಯನ್ನು ಬೇರೆಯಾಗಿಯೇ ಹೇಳಬೇಕು. 2019ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ಮನೆಗೆಲಸ ಮಾಡುವ ಮಹಿಳೆಯರು ದಿನಕ್ಕೆ ಸರಾಸರಿ 299 ನಿಮಿಷ ಅದಕ್ಕೇ ಕೊಡುತ್ತಾರೆ. ಮನೆಗೆಲಸ ಮಾಡುವ ಗಂಡಸರು ಕೊಡುವುದು 97 ನಿಮಿಷ. ಇದು ಲಾಕ್‌ಡೌನಿಗೆ ಮುಂಚಿನ ಲೆಕ್ಕ. ಎಲ್ಲರೂ ಮನೆಯಲ್ಲೇ ಕೂತಾಗ ಮೂರು ಹೊತ್ತಿನ ಅಡುಗೆ, ಮಕ್ಕಳ ಆನ್‌ಲೈನ್ ಕ್ಲಾಸು, ವಯಸ್ಸಾದವರ ಆರೈಕೆ ಎಲ್ಲ ಸೇರಿತು. ‘ಮನೆಗೆಲಸವೇ ವ್ಯಾಯಾಮ ಅಲ್ವಾ’ ಎನ್ನುವವರಿದ್ದಾರೆ. ದೇಹಕ್ಕೆ ಸ್ವಲ್ಪ ಹೌದು. ಮನಸ್ಸಿಗೆ ನೆರವಾಗುವುದು ಮುಖ್ಯವಾಗಿ ನಾವೇ ಆರಿಸಿಕೊಂಡ, ಬಿಡುವಿನ ಹೊತ್ತಿನ ಚಟುವಟಿಕೆ ಎಂದು ಅಧ್ಯಯನಗಳು ತೋರಿಸುತ್ತವೆ. ಬೇರೆ ದಾರಿ ಇಲ್ಲದೆ ಮಾಡುವ ದುಡಿಮೆಯಿಂದ ಆ ಲಾಭ ಅಷ್ಟಾಗಿ ಕಾಣುವುದಿಲ್ಲ.

ಅದೇ ವಸಂತದಲ್ಲಿ ಭಾರತದಲ್ಲಿ ಲಕ್ಷಾಂತರ ಜನ ದಿನಗಟ್ಟಲೆ ನಡೆದರು. ಹೆದ್ದಾರಿಗಳಲ್ಲಿ, ಗಂಟು ಹೊತ್ತು, ಮಕ್ಕಳನ್ನು ಹೆಗಲಿಗೇರಿಸಿ ಊರಿಗೆ ಹೊರಟ ವಲಸೆ ಕಾರ್ಮಿಕರು ಅವರು. ಊರಿಗೆ ಮರಳಿದವರು ಒಟ್ಟು ಒಂದು ಕೋಟಿಗೂ ಜಾಸ್ತಿ ಎಂದು ಸರ್ಕಾರ ಸಂಸತ್ತಿಗೆ ತಿಳಿಸಿತು. ಆ ನಡಿಗೆಯನ್ನು ಯಾರೂ ವ್ಯಾಯಾಮ ಎನ್ನಲಾರರು. ನಡಿಗೆ ಮನಸ್ಸಿಗೆ ಒಳ್ಳೆಯದು ಎಂದು ಬರೆಯುವಾಗ, ಹೊಟ್ಟೆ ತುಂಬಿದ, ಮರಳಲು ಮನೆ ಇರುವ ಮನುಷ್ಯರ ನಡಿಗೆಯ ಬಗ್ಗೆ ಮಾತಾಡುತ್ತಿದ್ದೇವೆ ಎಂಬುದು ನೆನಪಿರಬೇಕು.

ಕಾಯಿಲೆ ಬಿದ್ದು ಎದ್ದವರಿಗೆ

ಈಗ ಸಚಿವ ಮಾಂಡವೀಯ ಕೊಟ್ಟ ಎಚ್ಚರಿಕೆಗೆ ಬರೋಣ. ಅವರು ಆಧಾರವಾಗಿ ಹೇಳಿದ್ದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಅಧ್ಯಯನವನ್ನು. 18ರಿಂದ 45 ವಯಸ್ಸಿನವರಲ್ಲಿ ಕಾರಣ ತಿಳಿಯದೆ ಸಂಭವಿಸಿದ 729 ಹಠಾತ್ ಸಾವುಗಳನ್ನು, ಅದೇ ವಯಸ್ಸಿನ ಇತರ 2,916 ಜನರೊಂದಿಗೆ ಅದು ಹೋಲಿಸಿತು. ಕೋವಿಡ್‌ನಿಂದ ಆಸ್ಪತ್ರೆ ಸೇರಿದ್ದು, ಕುಟುಂಬದಲ್ಲಿ ಹಠಾತ್ ಸಾವು ಆಗಿದ್ದು, ಸಾವಿಗೆ ಮುಂಚಿನ 48 ಗಂಟೆಗಳಲ್ಲಿ ವಿಪರೀತ ಕುಡಿದದ್ದು ಅಥವಾ ಅತಿ ಜೋರು ಶ್ರಮ ಪಟ್ಟದ್ದು, ಇವೆಲ್ಲಕ್ಕೂ ಸಾವಿಗೂ ನಂಟು ಕಂಡಿತು. ಲಸಿಕೆ ಹಾಕಿಸಿಕೊಂಡವರಲ್ಲಿ ಅಪಾಯ ಕಡಿಮೆ ಇತ್ತು. ಅಲ್ಲಿ ಹೇಳಿದ್ದು ಅತಿ ಜೋರು ಶ್ರಮದ ಬಗ್ಗೆ. ಸಂಜೆಯ ವಾಕಿಂಗ್ ಬಗ್ಗೆ ಅಲ್ಲ. ಸುದ್ದಿ ಬಾಯಿಂದ ಬಾಯಿಗೆ ಹೋಗುವಾಗ ಈ ವ್ಯತ್ಯಾಸ ಕಳಚಿಬಿತ್ತು.

ಹಾಸನದ ಸಾವುಗಳನ್ನು ಪರಿಶೀಲಿಸಲು ಜಯದೇವ ಸಂಸ್ಥೆಯ ಆಗಿನ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ನೇತೃತ್ವದಲ್ಲಿ ಸಮಿತಿ ರಚನೆಯಾಗಿತ್ತು. ಕೋವಿಡ್ ಅಥವಾ ಲಸಿಕೆಗೂ ಈ ಸಾವುಗಳಿಗೂ ನಂಟು ಅದಕ್ಕೆ ಕಾಣಲಿಲ್ಲ. ಮಧುಮೇಹ, ರಕ್ತದೊತ್ತಡ, ಧೂಮಪಾನ, ಬೊಜ್ಜಿನಂಥ ಹಳೆಯ ಅಪಾಯಗಳೇ ಮುಂದೆ ಬಂದವು. ಹೆದರಿ ವಾಕಿಂಗ್ ನಿಲ್ಲಿಸಿದವರಿಗೆ ಇವುಗಳಲ್ಲಿ ಕೆಲವು ಇನ್ನಷ್ಟು ಹೆಚ್ಚುತ್ತವೆ.

ನಿಜವಾದ ಎಚ್ಚರಿಕೆ ಬೇಕಾದ ಒಂದು ಗುಂಪು ಇದೆ. ದೀರ್ಘ ಕೋವಿಡ್, ಅಂದರೆ ಸೋಂಕು ಹೋಗಿ ತಿಂಗಳುಗಳಾದರೂ ಬಿಡದ ತೊಂದರೆ, ಇರುವ ಕೆಲವರಿಗೆ ಸ್ವಲ್ಪ ಶ್ರಮ ಪಟ್ಟರೂ ಒಂದೆರಡು ದಿನ ಬಿಟ್ಟು ವಿಪರೀತ ಬಳಲಿಕೆ ಬರುತ್ತದೆ. ಅಂಥವರಿಗೆ ‘ಎದ್ದು ಓಡಾಡು, ಸರಿಹೋಗ್ತೀಯ’ ಎಂದು ಮನೆಯವರು ಒತ್ತಾಯಿಸಿದರೆ ಕಾಯಿಲೆ ಬಿಗಡಾಯಿಸಬಹುದು. ಅವರು ಶಕ್ತಿಯನ್ನು ಅಳೆದು ಬಳಸಬೇಕು. ವೈದ್ಯರ ಸಲಹೆಯಂತೆ ನಿಧಾನವಾಗಿ ಮುಂದುವರಿಯಬೇಕು. ಸೋಮಾರಿತನ ಎಂಬ ಹಣೆಪಟ್ಟಿ ಹಚ್ಚುವುದು ಅವರಿಗೆ ಮಾಡುವ ದೊಡ್ಡ ಅನ್ಯಾಯ.

ಮುಂದಿನ ಆದೇಶದಲ್ಲಿ ಏನಿರುತ್ತದೆ?

2025ರ ಮೇನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಸದಸ್ಯ ದೇಶಗಳು ಸಾಂಕ್ರಾಮಿಕ ಒಪ್ಪಂದಕ್ಕೆ ಒಪ್ಪಿಗೆ ಕೊಟ್ಟವು. ಅಂದರೆ ಮುಂದಿನದು ಬರುತ್ತದೆ ಎಂದು ಎಲ್ಲರೂ ಎಣಿಸಿದ್ದಾರೆ. ನಮ್ಮಲ್ಲಿ ಲಾಕ್‌ಡೌನ್ ಆದೇಶಗಳು ಬಂದಿದ್ದು 2005ರ ವಿಪತ್ತು ನಿರ್ವಹಣಾ ಕಾಯ್ದೆಯಡಿ. ಆ ಆದೇಶಗಳಲ್ಲಿ ಮುಚ್ಚಬೇಕಾದ ಜಾಗಗಳ ಪಟ್ಟಿ ಹೀಗಿತ್ತು: ಸಿನಿಮಾ ಮಂದಿರ, ಶಾಪಿಂಗ್ ಮಾಲ್, ಜಿಮ್, ಈಜುಕೊಳ, ಮನರಂಜನಾ ಪಾರ್ಕ್, ಬಾರ್, ಸಭಾಂಗಣ. ಕೂಡಿ ಮಜಾ ಮಾಡುವ ಜಾಗ ಮತ್ತು ಆರೋಗ್ಯ ಕಾಪಾಡುವ ಜಾಗ ಒಂದೇ ಸಾಲಿನಲ್ಲಿ ಕೂತಿದ್ದವು.

ಈ ಪಟ್ಟಿಯನ್ನು ಗಾಳಿಯ ಲೆಕ್ಕದಲ್ಲಿ ಮರುಬರೆಯಬೇಕು. ತೆರೆದ ಪಾರ್ಕ್, ಆಟದ ಮೈದಾನ, ಕೆರೆ ಏರಿ ಕೊನೆಗೆ ಮುಚ್ಚಿ ಮೊದಲು ತೆರೆಯುವ ಗುಂಪಿನಲ್ಲಿ ಇರಬೇಕು, ಅದೂ ದಿನವಿಡೀ. ಕಿಟಕಿ ತೆರೆಯಬಲ್ಲ ಜಿಮ್, ಯೋಗ ಕೇಂದ್ರಗಳಿಗೆ ಗಾಳಿಯಾಟದ ಅಳತೆ ಗೊತ್ತುಪಡಿಸಬೇಕು. ಮುಚ್ಚಿದ ಕೋಣೆಯ ಜೋರು ಗುಂಪು ವ್ಯಾಯಾಮವನ್ನು ಅಲೆ ಏರುವಾಗ ನಿಲ್ಲಿಸುವುದು ಸರಿಯೇ.

ಪಾರ್ಕೇ ಇಲ್ಲದ ವಾರ್ಡುಗಳಿಗೆ ರಸ್ತೆ ಇದೆ. 2020ರ ನವೆಂಬರಿನಿಂದ ಕೆಲವು ತಿಂಗಳು ಬೆಂಗಳೂರಿನ ಚರ್ಚ್ ಸ್ಟ್ರೀಟನ್ನು ವಾರಾಂತ್ಯದಲ್ಲಿ ವಾಹನಗಳಿಗೆ ಮುಚ್ಚಿ ನಡೆಯುವವರಿಗೆ ಬಿಟ್ಟಿದ್ದರು. ಅದರ ಗುರಿ ಶುದ್ಧ ಗಾಳಿ. ಆದರೂ ಸಾಂಕ್ರಾಮಿಕದ ನಡುವೆಯೇ ಒಂದು ಬೀದಿಯನ್ನು ಕಾಲ್ನಡಿಗೆಗೆ ಒಪ್ಪಿಸಲು ಸಾಧ್ಯ ಎಂದು ಅದು ತೋರಿಸಿತು. ಶ್ರೀರಾಂಪುರ, ಶಿವಾಜಿನಗರದಂಥ ಒತ್ತೊತ್ತಾದ ಬಡಾವಣೆಗಳಲ್ಲಿ ಬೆಳಿಗ್ಗೆ ಎರಡು ಬೀದಿಗೆ, ಸಂಜೆ ಶಾಲಾ ಮೈದಾನಕ್ಕೆ ಇದೇ ವ್ಯವಸ್ಥೆ ಮಾಡಲು ದೊಡ್ಡ ಖರ್ಚಿಲ್ಲ. ಯಾವ ಬೀದಿ, ಯಾವ ಮೈದಾನ, ಬೀಗದ ಕೈ ಯಾರ ಬಳಿ ಎಂಬುದನ್ನು ಜಿಲ್ಲಾ ವಿಪತ್ತು ನಿರ್ವಹಣಾ ಯೋಜನೆಯಲ್ಲಿ ಈಗಲೇ ಬರೆದಿಡಬೇಕು. ಬರೆದಿಡದಿದ್ದರೆ, ಅಲೆ ಎದ್ದ ರಾತ್ರಿ ಆದೇಶ ತಯಾರಿಸುವ ಅಧಿಕಾರಿಯ ಕೈಗೆ ಸಿಗುವುದು 2020ರ ಆ ಹಳೆಯ ಪಟ್ಟಿಯೇ.